ಕಾವಲುಗಾರನ ಸಂಬಳ

ಡ್ವಾರ್ಫ್ ಫೋರ್ಟ್ರೆಸ್ ಎಂಬ ಕಂಪ್ಯೂಟರ್ ಆಟ ಮೊದಲು ಹೊರಬಂದದ್ದು 2006ರ ಆಗಸ್ಟಿನಲ್ಲಿ. ಅಮೆರಿಕದ ಟಾರ್ನ್ ಆಡಮ್ಸ್, ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಕಟ್ಟಿದ ಆಟ. ಏಳು ಮಂದಿ ಕುಳ್ಳರು ಬೆಟ್ಟ ಕೊರೆದು ಊರು ಹೂಡುತ್ತಾರೆ. ಊರು ಬೆಳೆದಂತೆ ಹೊಡೆದಾಟ, ಕಳ್ಳತನ, ಕೊಲೆ ಎಲ್ಲ ಶುರುವಾಗುತ್ತವೆ. ಆದರೆ ಶೆರೀಫ್ ಎಂಬ ಅಧಿಕಾರಿಯನ್ನು ನೇಮಿಸುವ ತನಕ ಯಾವ ತಪ್ಪಿಗೂ ಶಿಕ್ಷೆಯಿಲ್ಲ. ನೇಮಿಸಿದ ಮೇಲೂ ಅವನಿಗೆ ಸರಪಳಿ, ಬೋನು ಒದಗಿಸಬೇಕು. ಅವಿಲ್ಲದಿದ್ದರೆ ಸೆರೆಯಲ್ಲಿ ಕೂರಬೇಕಾದವನಿಗೆ ಏಟು ಬೀಳುತ್ತದೆ. ಏಟು ತಿಂದವನು ಸತ್ತೇ ಹೋಗುವುದೂ ಉಂಟು. ದೊಡ್ಡ ಮನುಷ್ಯರೊಬ್ಬರು ಹುಕುಂ ಮಾಡಿದ ಸಾಮಾನು ಗಡುವಿನೊಳಗೆ ತಯಾರಾಗಲಿಲ್ಲವೆಂದರೆ, ಆ ಹುಕುಮಿನ ಸುದ್ದಿಯೇ ತಿಳಿಯದ ಕುಶಲಕರ್ಮಿಯ ಬೆನ್ನು ಮುರಿಯುತ್ತದೆ.

ಆಟ ಬರೆದವರು ಹಾಸನ ಸೀಮೆಯ ಚರಿತ್ರೆ ಓದಿರಲಾರರು. ಆದರೂ ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಸುತ್ತ ನ್ಯಾಯ ನಡೆದುಬಂದ ದಾರಿಯನ್ನು ಹಿಂದಕ್ಕೆ ನೋಡಿದರೆ ಕಾಣುವುದು ಇದೇ ತೊಡಕು. ಕದಿಯುವುದು ತಪ್ಪೋ ಅಲ್ಲವೋ ಎಂದು ಇಲ್ಲಿ ಯಾರೂ ವಾದ ಮಾಡಿದವರಲ್ಲ. ಕಳ್ಳನನ್ನು ಹಿಡಿಯುವವನು ಯಾರು, ಅವನ ಹೊಟ್ಟೆಗೆ ಹಾಕುವವರು ಯಾರು ಎಂಬುದರಲ್ಲೇ ಎಲ್ಲ ಸಿಕ್ಕು.

ಬರಹದ ದಾಖಲೆಯಿಂದಲೇ ಶುರು ಮಾಡೋಣ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯದಲ್ಲಿ ಅದರ ಹೆಸರು ಕೇಳದ ವಕೀಲರಿಲ್ಲ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದಮೇಲಂತೂ ಬಂಗಾಳ ಬಿಟ್ಟು ದೇಶದ ಬಹುಪಾಲು ಕೋರ್ಟುಗಳು ಅದನ್ನೇ ಹಿಡಿದವು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅದರ ವ್ಯವಹಾರ ಭಾಗ. ಕುಲ ಎಂಬ ಬಂಧುಗಳ ಕೂಟ, ಅದರ ಮೇಲೆ ಶ್ರೇಣಿ ಎಂಬ ಕಸುಬಿನವರ ಕೂಟ, ಅದರ ಮೇಲೆ ಪೂಗ ಎಂಬ ಊರವರ ಕೂಟ, ಎಲ್ಲಕ್ಕೂ ಮೇಲೆ ರಾಜ ನೇಮಿಸಿದವರು ಎಂದು ಮೆಟ್ಟಿಲು ಕಟ್ಟಿದೆ. ಕೆಳಗೆ ಸೋತವನು ಮೇಲಕ್ಕೆ ಹೋಗಬಹುದು. ಕಳವಾದರೆ ಹೆಜ್ಜೆಯ ಜಾಡು ಹಿಡಿದು ಹೊರಡಬೇಕು. ಜಾಡು ಊರ ಗಡಿ ದಾಟದಿದ್ದರೆ ಊರೊಡೆಯನೇ ಹೊಣೆ. ಕಳ್ಳ ಒಯ್ದದ್ದನ್ನು ರಾಜ ಪ್ರಜೆಗೆ ತುಂಬಿಕೊಡಬೇಕು. ತೀರ್ಪು ತಪ್ಪೆಂದು ಮರುವಿಚಾರಣೆಯಲ್ಲಿ ಸಾಬೀತಾದರೆ ಸಭೆಯಲ್ಲಿ ಕೂತಿದ್ದವರಿಗೂ ಗೆದ್ದವನಿಗೂ ಸೇರಿ ದಂಡ. ಈ ಕೊನೆಯ ನಿಯಮವನ್ನು ಇವತ್ತು ಜಾರಿಗೆ ತಂದರೆ ಏನಾದೀತು ಎಂದು ಯೋಚಿಸಿ ನಗಬಹುದು. ಶಿಕ್ಷೆ ಮಾತ್ರ ವರ್ಣ ನೋಡಿ ಏರಿಳಿಯುತ್ತಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಶಾಸನಗಳ ಕಡೆ ತಿರುಗಿದರೆ ನ್ಯಾಯದ ಇನ್ನೊಂದು ಮುಖ ಕಾಣುತ್ತದೆ. ಒಂದು ಊರನ್ನು ದೇವಸ್ಥಾನಕ್ಕೋ ಅಗ್ರಹಾರಕ್ಕೋ ದತ್ತಿ ಬಿಡುವಾಗ ಆ ಊರಿನ ದಂಡದ ಹುಟ್ಟುವಳಿಯನ್ನೂ ಸೇರಿಸಿ ಬಿಡುವ ವಾಡಿಕೆ ಇತ್ತು. ಅಂದರೆ ತಪ್ಪು ಎಂಬುದು ಒಂದು ಆದಾಯದ ಬಾಬ್ತು.

ನಮ್ಮ ಜಿಲ್ಲೆಯ ಅತ್ಯಂತ ಸೊಗಸಾದ ತೀರ್ಪು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯ ಕಲ್ಲಿನ ಮೇಲಿದೆ. ಕಾಲ 1368, ವಿಜಯನಗರದ ಮೊದಲನೆಯ ಬುಕ್ಕರಾಯನದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಜೈನರು ವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ದೊರೆಯ ಬಳಿ ದೂರು ಒಯ್ದರು. ಬುಕ್ಕರಾಯ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮುಂತಾದ ಕಡೆಯ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯವೂ ಕಳಶವೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು ಎಂದ.

ಪಾಠಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಶಾಸನ ನಿಲ್ಲುವುದಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನವರು ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಾಳುಗಳನ್ನಿಡಬೇಕು. ಮಿಕ್ಕದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಮುರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಇದರಲ್ಲಿರುವ ಜಾಣತನ ನೋಡಿ: ದೂರು ಕೊಟ್ಟವರೇ ಖರ್ಚು ಹೊರುತ್ತಾರೆ, ದೂರು ಯಾರ ಮೇಲಿತ್ತೋ ಅವರ ಕಡೆಯ ಹಿರಿಯರೇ ಕಾವಲು ಕೊಡುತ್ತಾರೆ. ಖರ್ಚನ್ನು ಇಬ್ಬರಿಗೂ ಹಂಚಿದ್ದರೆ ಇನ್ನೂ ನ್ಯಾಯವಾಗುತ್ತಿತ್ತು ಎಂದು ನನಗನ್ನಿಸುತ್ತದೆ. ಆದರೆ ಆಣೆ, ಶಾಪಗಳಿಗಷ್ಟೇ ಜೋತುಬೀಳದೆ ಆಳು ಎಷ್ಟು, ಹಣ ಎಲ್ಲಿಂದ ಎಂದು ಲೆಕ್ಕ ಬರೆದ ತೀರ್ಪುಗಳು ಅಪರೂಪ. ಆಮೇಲೆ ಕಲ್ಲೇಹದ ಬುಸುವಿಸೆಟ್ಟಿ ಮತ್ತೊಮ್ಮೆ ಅರಿಕೆ ಮಾಡಿ, ತಾತಯ್ಯನವರನ್ನು ಕರೆಸಿ ಏರ್ಪಾಡನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಕಡೆಯವರು ಸೇರಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು.

ಊರುಗಳ ಮಟ್ಟದಲ್ಲಿ ಈ ಕಾವಲಿನ ಕೆಲಸ ತಳವಾರನದು, ತೋಟಿಯದು. ಆಯಗಾರರ ಪೈಕಿ ಅವರೂ ಸೇರಿದವರು; ಸುಗ್ಗಿಯಲ್ಲಿ ಕಣದಿಂದ ಆಯ ಅಥವಾ ಒಂದಿಷ್ಟು ಇನಾಮು ಜಮೀನು, ಅದೇ ಸಂಬಳ. ಪಟೇಲ ಹೇಳಿದ್ದು ಮಾತು, ಶಾನುಭೋಗ ಬರೆದದ್ದು ಲೆಕ್ಕ. ಚಿಕ್ಕದೇವರಾಜ ಒಡೆಯರು (1673–1704) ಅಠಾರ ಕಚೇರಿಯೆಂದು ಹದಿನೆಂಟು ಇಲಾಖೆ ಮಾಡಿದರೂ ಹಳ್ಳಿಯ ಈ ಕಟ್ಟು ಅಲುಗಲಿಲ್ಲ.

ಅಲುಗಿದ್ದು 1831ರ ನಂತರ. ನಗರ ಸೀಮೆಯ ದಂಗೆಯಾದ ಮೇಲೆ ಕಂಪನಿ ಸರ್ಕಾರ ಮೈಸೂರನ್ನು ಕೈಗೆ ತೆಗೆದುಕೊಂಡಿತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಹಳೆಯದನ್ನು ಪೂರ್ತಿ ಕಿತ್ತೊಗೆಯಲಿಲ್ಲ: ಕೆಳಗೆ ತಾಲ್ಲೂಕಿನ ಅಮಲ್ದಾರ, ಮೇಲೆ ಸೂಪರಿಂಟೆಂಡೆಂಟ್, ಅದರ ಮೇಲೆ ಹುಜೂರ್ ಅದಾಲತ್, ನಡುವೆ ಪಂಚಾಯ್ತಿಗೂ ಜಾಗ. ಕಂದಾಚಾರ ಎಂಬ ಹಳೆಯ ಕಾವಲು ದಳದ ಪ್ಯೂನುಗಳೇ ಪೊಲೀಸರು. ಅವನ ನಂತರ ಬಂದ ಕಮಿಷನರ್ ಬೌರಿಂಗ್ ಕಾಲದಲ್ಲಿ 1860ರ ದಂಡ ಸಂಹಿತೆ ಬಂತು, ಪಂಚಾಯ್ತಿ ಹಿಂದೆ ಸರಿಯಿತು, ಮುದ್ರೆ ಕಾಗದ ಮುಂದೆ ಬಂತು. ಕಾಗದದ ಮೇಲಾದರೂ ಒಂದೇ ತಪ್ಪಿಗೆ ಎಲ್ಲ ಜಾತಿಗೂ ಒಂದೇ ಶಿಕ್ಷೆ ಎಂದಾದದ್ದು ಆಗಲೇ. 1884ರಲ್ಲಿ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟ್ ಆಯಿತು.

ಹಾಗಂತ ಹಳ್ಳಿಯ ಜಗುಲಿ ಖಾಲಿಯಾಗಲಿಲ್ಲ. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕೂತು ಅಧ್ಯಯನ ಮಾಡಿ, ಅದಕ್ಕೆ ರಾಂಪುರ ಎಂಬ ಹೆಸರಿಟ್ಟು ಬರೆದರು. ಅಲ್ಲಿ ಪಟೇಲನ ಜಗುಲಿಯಲ್ಲಿ ತೀರ್ಮಾನವಾಗುತ್ತಿದ್ದ ವ್ಯಾಜ್ಯಗಳ ಮೇಲೆ ಅವರ ಗಮನ ಹೆಚ್ಚು. ಮಡಿವಾಳರ ಜಾತಿ ವ್ಯಾಜ್ಯವೊಂದರ ಮೇಲೆ 1954ರಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದರು. ತಪ್ಪುಕಾಣಿಕೆ ಕಟ್ಟಿಸುವುದು, ಅಡ್ಡಬೀಳಿಸುವುದು, ಊರಿಂದ ಹೊರಗಿಡುವುದು — ಜಗುಲಿಯ ಕೈಲಿದ್ದ ಶಿಕ್ಷೆಗಳು ಇಂಥವು. ಊರ ಮಾತನ್ನು ಕೋರ್ಟಿಗೆ ಒಯ್ದವನು ಊರ ಮರ್ಯಾದೆ ಕಳೆದಂತೆ. ಬೇಗ ಮುಗಿಯುತ್ತಿತ್ತು, ಖರ್ಚಿಲ್ಲ, ಎಲ್ಲರಿಗೂ ಅರ್ಥವಾಗುವ ಭಾಷೆ. ಆದರೆ ದೂರು ಪಟೇಲನ ಮನೆಯವರ ಮೇಲೇ ಇದ್ದರೆ, ಅಥವಾ ದೂರು ತಂದವನು ಕೇರಿಯವನಾದರೆ, ಜಗುಲಿ ಹತ್ತುವುದೇ ಕಷ್ಟ. ಹಳೆಯ ನ್ಯಾಯಕಟ್ಟೆಯನ್ನು ಹಾಡಿ ಹೊಗಳುವವರು ಇದನ್ನು ಯಾಕೋ ಬಿಟ್ಟುಬಿಡುತ್ತಾರೆ.

ರಾಜ್ಯ ಆ ಕಟ್ಟೆಯ ನ್ಯಾಯವನ್ನು ಕಾನೂನಿನೊಳಗೆ ತರಲು ಮತ್ತೆ ಮತ್ತೆ ಕೈಹಾಕಿದೆ. 1959ರ ಗ್ರಾಮ ಪಂಚಾಯಿತಿ ಕಾಯ್ದೆಯಲ್ಲಿ ನ್ಯಾಯ ಪಂಚಾಯಿತಿ ಇತ್ತು; ರಾಮಕೃಷ್ಣ ಹೆಗಡೆ, ನಜೀರ್ ಸಾಬರ ಕಾಲದ 1983ರ ಕಾಯ್ದೆಯ ಹೆಸರಿನಲ್ಲೇ ಅದು ಸೇರಿತ್ತು. ಮಂಡಲ ಪಂಚಾಯಿತಿ ಊರೂರಿನ ಮಾತಾಯಿತು, ನ್ಯಾಯ ಪಂಚಾಯಿತಿ ಆಗಲಿಲ್ಲ. ಅತ್ತ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ತೋಟಿ ಎಲ್ಲರ ವಂಶಪಾರಂಪರ್ಯದ ಹಕ್ಕು ಹೋಯಿತು. ಜನಕ್ಕೆ ನಿಜವಾಗಿ ಒಗ್ಗಿದ್ದು ಲೋಕ ಅದಾಲತ್: ವಾಯ್ದೆ ತಿರುಗಿ ತಿರುಗಿ ಚಪ್ಪಲಿ ಸವೆದ ಅಣ್ಣತಮ್ಮಂದಿರು ರಾಜಿಗೆ ರುಜು ಹಾಕುವ ಜಾಗ ಅದು.

ಆ ಕುಳ್ಳರ ಆಟವೂ ಅಷ್ಟರಲ್ಲಿ ಬೆಳೆದಿತ್ತು. 2012ರಲ್ಲಿ ರಕ್ತ ಹೀರುವ ಪಿಶಾಚಿಗಳು ಊರೊಳಗೆ ಮಾಮೂಲಿ ಕುಳ್ಳರಂತೆ ಸೇರಿಕೊಂಡವು. ಸಾಕ್ಷಿಗಳ ಹೇಳಿಕೆ ಓದಿ ಆಡುವವನೇ ತಪ್ಪಿತಸ್ಥನನ್ನು ಆರಿಸಬೇಕಾಯಿತು, ಪಿಶಾಚಿಯೇ ಬಂದು ಸುಳ್ಳುಸಾಕ್ಷಿ ಹೇಳುವುದೂ ಶುರುವಾಯಿತು. 2020ರಲ್ಲಿ ಆರೋಪಿಯನ್ನು ಕೂರಿಸಿ ವಿಚಾರಣೆ ಮಾಡುವ ಏರ್ಪಾಡು ಬಂತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ!

ಇತ್ತ 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನನ್ನು ಮೊದಲ ಸಲ ಕದ್ದು ಸಿಕ್ಕಿಬಿದ್ದವನು ಅದನ್ನು ಹಿಂದಕ್ಕೆ ಕೊಟ್ಟರೆ ಜೈಲಿಲ್ಲ, ಊರಿಗೆ ಉಪಯೋಗವಾಗುವ ಕೆಲಸವನ್ನು ಬಿಟ್ಟಿ ಮಾಡಬೇಕು. ಹೇಮಾವತಿ ದಂಡೆಯ ಸೋಪಾನ ಗುಡಿಸಲು ಹೊಳೆನರಸೀಪುರದಲ್ಲಿ ಒಬ್ಬನಿಗೆ ಹಾಗೆ ಆದೇಶವಾಯಿತು ಎನ್ನಿ. ಅವನು ಬೆಳಿಗ್ಗೆ ಬಂದನೇ, ಎಷ್ಟು ಹೊತ್ತು ಗುಡಿಸಿದ ಎಂದು ದಿನವೂ ನಿಂತು ನೋಡಿ ಬರೆದುಕೊಳ್ಳಲು ಠಾಣೆಯಿಂದ ಆಳು ಬರಬೇಕೋ, ಪುರಸಭೆಯಿಂದ ಬರಬೇಕೋ, ಅವರ ಆ ದಿನದ ಕೂಲಿ ಯಾವ ಬಾಬ್ತಿನಲ್ಲಿ ಬೀಳಬೇಕೋ, ಅದನ್ನು ಸಂಹಿತೆ ಹೇಳಿಲ್ಲ.