ಲ್ಯಾಪ್‌ಟಾಪ್ ಹಟ ಹಿಡಿಯಿತು, ಹೆಡ್‌ಸೆಟ್ ಗೆದ್ದಿತು

ಬ್ಲೂಟೂತ್ ಎಂದೊಡನೆ ಈಗ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಬಡ್ ನೆನಪಾಗುತ್ತದೆ. ಡೆನ್ಮಾರ್ಕಿನ ಹಳೆಯ ರಾಜನೊಬ್ಬನ ಅಡ್ಡಹೆಸರು ಅದಕ್ಕೆ ಅಂಟಿಕೊಂಡ ಕಥೆಯನ್ನಂತೂ ಹೇಳಿ ಹೇಳಿ ಸವೆಸಿಯಾಗಿದೆ. ಫೋನ್ ಕಂಪನಿ ಎರಿಕ್ಸನ್‌ನ ಪ್ರಯೋಗಾಲಯದ ಈ ವಿದ್ಯೆಯನ್ನು ಲೋಕಕ್ಕೆಲ್ಲ ಹಂಚಿದ್ದರ ಹಿಂದೆ ಒಂದು ಲ್ಯಾಪ್‌ಟಾಪ್ ಇತ್ತೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಸ್ವೀಡನ್ನಿನ ಲುಂಡ್‌ನಲ್ಲಿದ್ದ ಆ ಪ್ರಯೋಗಾಲಯದಲ್ಲಿ 1994ರಲ್ಲಿ ಡಚ್ ಎಂಜಿನಿಯರ್ ಯಾಪ್ ಹಾರ್ಟ್ಸೆನ್ ಹತ್ತಿರದ ಅಂತರಕ್ಕಷ್ಟೇ ಸಾಕಾಗುವ ರೇಡಿಯೊ ಕಟ್ಟಲು ಕೂತರು. ಮರುವರ್ಷ ಸ್ವೆನ್ ಮ್ಯಾಟಿಸನ್ ಜೊತೆಗೂಡಿದರು. ಅವರು ಆರಿಸಿಕೊಂಡ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಲೈಸೆನ್ಸ್ ಬೇಕಿರಲಿಲ್ಲ. ಹಾಗಾಗಿಯೇ ಅದೊಂದು ಸಂತೆ. ಮೈಕ್ರೊವೇವ್ ಒಲೆಯದೂ ಅಲ್ಲಿ ಗದ್ದಲವಿದೆ. ಒಂದೇ ಕಡೆ ನಿಂತರೆ ಮಾತು ಕೇಳಿಸದು. ಅದಕ್ಕೇ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಮುಂದಿನ ಜಿಗಿತ ಎಲ್ಲಿಗೆಂದು ಜೋಡಿಯಾದ ಸಾಧನಗಳಿಗಷ್ಟೇ ಗೊತ್ತು.

1997ರಲ್ಲಿ ಐಬಿಎಂನ ಥಿಂಕ್‌ಪ್ಯಾಡ್ ವಿಭಾಗದ ಅಡಾಲಿಯೊ ಸ್ಯಾಂಚೆಜ್ ಎರಿಕ್ಸನ್‌ನ ನಿಲ್ಸ್ ರೈಡ್‌ಬೆಕ್ ಮುಂದೆ ಒಂದು ಬೇಡಿಕೆ ಇಟ್ಟರು: ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಮೊಬೈಲ್ ಫೋನ್ ಕೂರಿಸಬೇಕು. ಎಂಜಿನಿಯರುಗಳು ಲೆಕ್ಕ ಹಾಕಿದರೆ ಬ್ಯಾಟರಿ ತಡೆಯುವಂತಿರಲಿಲ್ಲ. ಸರಿ, ಫೋನ್ ಜೇಬಿನಲ್ಲೇ ಇರಲಿ, ಲ್ಯಾಪ್‌ಟಾಪ್ ಅದರೊಡನೆ ವೈರಿಲ್ಲದೆ ಮಾತಾಡಲಿ ಎಂದಾಯಿತು. ಆಗ ಚಾಲ್ತಿಯಲ್ಲಿದ್ದ ಇನ್‌ಫ್ರಾರೆಡ್‌ಗಾದರೆ ಎರಡನ್ನೂ ಎದುರುಬದುರು ಇಡಬೇಕಿತ್ತು. ಒಂದಿಷ್ಟು ವಾರೆಯಾದರೂ ಸಂಪರ್ಕ ಕಡಿಯುತ್ತಿತ್ತು. ಹಾಗಾಗಿ ಲುಂಡ್‌ನ ರೇಡಿಯೊವನ್ನೇ ಆರಿಸಿಕೊಂಡರು.

ಐಬಿಎಂ ಆಗಲಿ ಎರಿಕ್ಸನ್ ಆಗಲಿ ತಂತಮ್ಮ ಮಾರುಕಟ್ಟೆಯಲ್ಲಿ ಆಗ ಮೊದಲನೆಯವರಾಗಿರಲಿಲ್ಲ. ಗುಟ್ಟು ಮಾಡಿ ಕೂತರೆ ಕೊಳ್ಳುವವರೇ ಇರುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಬಾಗಿಲು ತೆರೆದರು. ಇದನ್ನು ಔದಾರ್ಯ ಎನ್ನುವುದಕ್ಕಿಂತ ಜಾಣತನ ಎನ್ನುವುದೇ ಸರಿ. 1998ರ ಮೇ ತಿಂಗಳಲ್ಲಿ ಇಂಟೆಲ್, ನೋಕಿಯಾ, ತೋಷಿಬಾ ಸೇರಿ ಐವರ ಕೂಟ ಹುಟ್ಟಿತು. 1999ರಲ್ಲಿ ಶುರುವಾದ ಬೆಂಗಳೂರಿನ ಮೈಂಡ್‌ಟ್ರೀ ಕೂಡ ಬ್ಲೂಟೂತ್ ಸಾಫ್ಟ್‌ವೇರ್ ಬರೆದು ಬೇರೆ ಕಂಪನಿಗಳಿಗೆ ಲೈಸೆನ್ಸ್ ಮೇಲೆ ಕೊಟ್ಟಿತು.

ಆದರೆ ಗ್ರಾಹಕರಿಗೆಂದು ಮೊದಲು ಬಂದದ್ದು 1999ರ ಹೆಡ್‌ಸೆಟ್. ಬ್ಲೂಟೂತನ್ನು ಒಳಗೇ ಇಟ್ಟುಕೊಂಡ ಥಿಂಕ್‌ಪ್ಯಾಡ್ ಎ30 ಬರಲು 2001ರ ಅಕ್ಟೋಬರ್ ಆಯಿತು. ಅದೇ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಗೆ ಬ್ಲೂಟೂತ್ ಎಂದರೇನೆಂದೇ ತಿಳಿಯದು! ಒಳಗೆ ಬ್ಲೂಟೂತ್ ಇಲ್ಲದ ಕಂಪ್ಯೂಟರ್ ಇದ್ದವರು ಯುಎಸ್‌ಬಿ ಡಾಂಗಲ್ ಚುಚ್ಚಿ, ಅದರ ಸಿಡಿ ಹಾಕಿ, ಹೆಡ್‌ಸೆಟ್‌ಗೆ 0000 ಎಂದು ಪಿನ್ ಒತ್ತಿ ಕಾಯಬೇಕಿತ್ತು. ಪರದಾಟ ಕಡಿಮೆಯಾದದ್ದು 2004ರಲ್ಲಿ ಎಕ್ಸ್‌ಪಿಗೆ ಬಂದ ಸರ್ವಿಸ್ ಪ್ಯಾಕ್ 2ರಿಂದ. ಪಿನ್ ಕಾಟ ತಗ್ಗಿದ್ದು 2007ರ ಬ್ಲೂಟೂತ್ 2.1 ಆವೃತ್ತಿಯಿಂದ.

ಫೋನಿನ ಮೂಲಕ ಲ್ಯಾಪ್‌ಟಾಪಿಗೆ ಇಂಟರ್ನೆಟ್ ತರುವ ಮೂಲ ಕೆಲಸವನ್ನು ಕೊನೆಗೆ ವೈಫೈ ಹಾಟ್‌ಸ್ಪಾಟ್ ಕಸಿದುಕೊಂಡಿತು. ಬ್ಲೂಟೂತ್ ಪಾಲಿಗೆ ಮೌಸ್, ಕೀಬೋರ್ಡ್, ಹೆಡ್‌ಫೋನ್ ಉಳಿದವು. ಅದರಲ್ಲೂ ಹಳೆಯ ಋಣ ತೀರಿಲ್ಲ: ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುತ್ತಾ ಹೆಡ್‌ಫೋನಿನ ಮೈಕ್ ಆನ್ ಮಾಡಿದರೆ ಹಾಡಿನ ಸೊಗಸು ಇಳಿದು ದೂರವಾಣಿಯ ಧ್ವನಿಯಾಗುತ್ತದೆ. ಮೈಕ್ ಬೇಕೆಂದಾಗ ಸಂಪರ್ಕ ಈಗಲೂ ಬಹುಪಾಲು ಫೋನ್ ಕರೆಗೆಂದೇ ರೂಪಿಸಿದ ಆ ಮೊದಲ ಕಾಲದ ವಿಧಾನಕ್ಕೆ ಮರಳುತ್ತದೆ.