ಕೊಂದು ಬಂದವನಿಗೆ ಕಲ್ಲಿಲ್ಲ

(1/3)
ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡ್ರಿ. ವೀರಗಲ್ಲು ಅದು. ನಮ್ಮ ಕಡೆ ಹನುಮಪ್ಪನ ಗುಡಿ ಬಾಜೂಕ, ಹಳೇ ಬಾವಿ ದಂಡಿಗೆ ಇಂಥವು ನಿಂತಿರ್ತಾವ. ಎಣ್ಣಿ ಹಚ್ಚಿದ್ದು ಕಂಡು ದೇವರು ಅಂತ ನೀವು ಕೈನೂ ಮುಗಿದಿರಬಹುದು. ಕೆಳಗಿನ ಸಾಲಿನಾಗ ಕಾದಾಟ. ನಡುವೆ ಸತ್ತ ವೀರನ್ನ ಅಪ್ಸರೆಯರು ಎತ್ಕೊಂಡು ಹೊಂಟಾರ. ಮ್ಯಾಲೆ ಅಂವ ಶಿವಲಿಂಗದ ಮುಂದ ಕುಂತಾನ, ತುದಿಗೆ ಸೂರ್ಯ-ಚಂದ್ರ. ದನ ಬಿಡಿಸಾಕ ಹೋಗಿ ಸತ್ತವರಿಗೆ, ಊರು ಕಾಯಾಕ ಹೋಗಿ ಸತ್ತವರಿಗೆ ಇಂಥ ಕಲ್ಲು ನಿಲ್ಲಿಸ್ತಿದ್ರು.

ನನ್ನ ಪ್ರಶ್ನೆ ಬ್ಯಾರೆ. ಅದೇ ಕಾದಾಟದಾಗ ಇಬ್ಬರು ಮೂವರನ್ನ ಕೊಂದು, ತಾನು ಬದುಕಿ, ಕತ್ತಿ ತೊಳ್ಕೊಂಡು ಮನಿಗೆ ಬಂದವನ ಕತಿ ಏನು? ಅವತ್ತು ರಾತ್ರಿ ಅವನಿಗೆ ನಿದ್ದಿ ಹತ್ತಿತಾ? ಉಂಬಳಿ ಸಿಕ್ಕಿರಬಹುದು, ಕಲ್ಲಂತೂ ಸಿಗಲಿಲ್ಲ.

ಇದು ಹಳೇ ಕಾಲದ್ದಷ್ಟೇ ಅಲ್ಲ. 1918ರ ಸೆಪ್ಟೆಂಬರ್ 23ಕ್ಕೆ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮ್ಯಾಲೆ, ಈಟಿ ಹಿಡಕೊಂಡು, ಮಷಿನ್‌ಗನ್ ಎದುರಿಗೆ ಹೋಗಿ ಹೈಫಾ ಪಟ್ಟಣ ಗೆದ್ದರು. ಈಟಿ ಅಂದ್ರ ಎದುರಿನವನ ಮುಖ ಕಾಣೋ ದೂರ. ಸತ್ತವರ ನೆನಪಿಗೆ ಬೆಂಗಳೂರಿನಾಗ ಸ್ಮಾರಕ ಐತಿ, ದಿಲ್ಲಿಯ ತೀನ್ ಮೂರ್ತಿ ಐತಿ. ಬದುಕಿ ಬಂದವರು ಏನು ಹೊತ್ಕೊಂಡು ಬಂದ್ರು ಅನ್ನೋದಕ್ಕ ಸ್ಮಾರಕ ಇಲ್ಲ.

(2/3)
ಈಗ ನಮ್ಮ ಜಿಲ್ಲೆಗೇ ಬರೂಣ. ಎರಡನೇ ಫೋಟೋ ತಂಗಡಗಿ ಕಡೆ ಕೃಷ್ಣಾ ಹೊಳಿ. ಮುದ್ದೇಬಿಹಾಳ ಬಸ್ ಹತ್ತಿ, ಮುಂದ ಟಂಟಂ ಹಿಡದು ಹೋಗಿದ್ವಿ. 1565ರ ಜನವರಿ 23ರ ಯುದ್ಧಕ್ಕ ಪುಸ್ತಕದಾಗ ತಾಳಿಕೋಟೆ ಅಂತ ಹೆಸರು ಬಿದ್ದೈತಿ, ಆದ್ರ ರಕ್ಕಸಗಿ-ತಂಗಡಗಿ ಅಂತಲೂ ಕರೀತಾರ. ಪರೀಕ್ಷೆಗೆ ನಾವು ಕಾರಣ, ಪರಿಣಾಮ, ರಾಮರಾಯನ ತಲಿ ಹೋದದ್ದು ಇಷ್ಟೇ ಬಾಯಿಪಾಠ ಮಾಡ್ತೀವಿ.

ವಿಜಯಪುರದ ಆಸ್ಥಾನದಾಗ ಇದ್ದು ಇತಿಹಾಸ ಬರೆದ ಫೆರಿಶ್ತಾ ಒಂದು ಸಂಗತಿ ಹೇಳ್ತಾನ. ವಿಜಯನಗರದ ಸೈನ್ಯ ಹತ್ತಿರ ಬಂದಾಗ ನಿಜಾಮಶಾಹಿ ತೋಪಿನವರು ತೋಪಿನೊಳಗ ತಾಮ್ರದ ನಾಣ್ಯದ ಚೀಲ ತುಂಬಿ ಹಾರಿಸಿದ್ರಂತ. ಬಿಕಾಂ ಓದೋ ನನಗ ಇದು ತಲ್ಯಾಗಿಂದ ಹೋಗವಲ್ದು. ಸಂತಿಯೊಳಗ ಜೋಳ, ಬೆಲ್ಲ ಕೊಳ್ಳೋ ದುಡ್ಡು ಮಂದಿ ಮೈಯೊಳಗ ಹೊಕ್ಕಿತು. ತೋಪಿಗೆ ಬತ್ತಿ ಇಟ್ಟವನಿಗೆ ಎದುರಿನವರು ಹೊಗೆಯೊಳಗ ಕಾಣದೇ ಇರಬಹುದು. ಆದ್ರ ಆಮ್ಯಾಲೆ ಹೆಣದ ನಡುವ ಅಡ್ಡಾಡಿದಾಗ ಕಾಣದೇ ಇರ್ತದ? ನೀವು ವಿಜಯಪುರದಾಗ ಸೆಲ್ಫಿ ತೊಗೊಳ್ಳೋ ಮಲಿಕ್-ಎ-ಮೈದಾನ್ ತೋಪು 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು. ಅದರ ಬಾಯಿ ಹತ್ತಿರ ನೋಡ್ರಿ, ಸಿಂಹದ ಹಲ್ಲಿನಾಗ ಆನಿ ಸಿಕ್ಕೈತಿ. ಯುದ್ಧ ಹ್ಯಾಂಗ ಕಾಣಬೇಕು ಅಂತ ಮಾಡಿಸಿದವರಿಗೆ ಆಸೆ ಇತ್ತೋ ಹಂಗ ಐತಿ ಅದು.

ಸತ್ತವರು ಲಕ್ಷಕ್ಕೂ ಮ್ಯಾಲೆ ಅಂತ ಫೆರಿಶ್ತಾ ಬರೀತಾನ. ಯುದ್ಧ ಆಗಿ ದಶಕಗಳ ಮ್ಯಾಲೆ, ಗೆದ್ದವರ ಕಡೆ ಕುಂತು ಬರೆದ ಲೆಕ್ಕ, ಹಂಗಾಗಿ ನಾನು ಪೂರಾ ನಂಬಂಗಿಲ್ಲ. ಅರ್ಧ ಅಂತ ಹಿಡೀರಿ, ಕಾಲು ಅಂತ ಹಿಡೀರಿ. ಲೆಡ್ಜರ್‌ನ್ಯಾಗ ಡೆಬಿಟ್ ಬರೆದ್ರ ಎದುರಿಗೆ ಕ್ರೆಡಿಟ್ ಇರಲೇಬೇಕು ಅಂತ ನಮಗ ಮೊದಲನೇ ಸೆಮಿಸ್ಟರ್‌ದಾಗ ಕಲಿಸ್ಯಾರ. ಇಲ್ಲಿ ಸತ್ತವರ ಸಂಖ್ಯೆ ಒಂದೇ ಕಡೆ ಐತಿ. ಅಷ್ಟು ಮಂದಿನ್ನ ಕೊಂದ ಕೈಗಳು ಇನ್ನೊಂದು ಕಡೆ ಇರಬೇಕಲ್ಲ, ಆ ಪುಟ ಖಾಲಿ.

ಪಶ್ಚಾತ್ತಾಪ ಬರೆಸಿದವರು ಇಲ್ಲವೇ ಇಲ್ಲ ಅಂತಲ್ಲ. ಕಳಿಂಗದಾಗ ಒಂದು ಲಕ್ಷ ಮಂದಿ ಸತ್ತರು, ಅದಕ್ಕ ದುಃಖ ಆಗೈತಿ ಅಂತ ಅಶೋಕ 13ನೇ ಬಂಡೆ ಶಾಸನದಾಗ ಬರೆಸ್ಯಾನ. ಆದ್ರ ಕಳಿಂಗದ್ದೇ ಊರಾದ ಧೌಲಿ, ಜೌಗಡದಾಗ ಆ ಶಾಸನ ಕೆತ್ತಿಸಲಿಲ್ಲ, ಅದರ ಬದಲಿಗೆ ಬ್ಯಾರೆ ಶಾಸನ ಹಾಕಿಸಿದ. ಆ ಬ್ಯಾರೆ ಶಾಸನಗಳು ನಮ್ಮ ಭೀಮಾ ದಂಡಿಯ ಸನ್ನತಿಯೊಳಗೂ ಸಿಕ್ಕಾವ. ಏನೇ ಇರಲಿ, ಅದು ರಾಜನ ದುಃಖ. ಕತ್ತಿ ಬೀಸಿದ ಸಿಪಾಯಿ ಏನಂದ ಅಂತ ಯಾರೂ ಕೇಳಲಿಲ್ಲ.

(3/3)
ಕೇಳಾಕ ಶುರು ಮಾಡಿದ್ದು ಬಹಳ ತಡ. 1915ರಾಗ ಚಾರ್ಲ್ಸ್ ಮೈಯರ್ಸ್ ಅನ್ನೋ ಡಾಕ್ಟರ್ 'ಶೆಲ್ ಶಾಕ್' ಬಗ್ಗೆ ಬರೆದಾಗ, ಗುಂಡಿನ ಸಪ್ಪಳಕ್ಕ ಮೆದುಳು ಅಲುಗಾಡಿ ಹಿಂಗ ಆಗ್ತದ ಅಂತ ಬಹಳ ಮಂದಿ ತಿಳಿದಿದ್ರು. ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ವೈದ್ಯರ ಪಟ್ಟಿಗೆ ಸೇರಿದ್ದು 1980ಕ್ಕ. ಆವಾಗಲೂ ಕೇಳ್ತಿದ್ದದ್ದು 'ನಿನಗ ಏನಾತು' ಅಂತ. 'ನೀ ಏನು ಮಾಡಬೇಕಾತು' ಅಂತ ಕೇಳಿದವರು ಕಡಿಮಿ. 2010ರಾಗ ಶಿರಾ ಮಾಗೆನ್ ಮತ್ತು ಜೊತಿಗಾರರು ಇರಾಕ್‌ನಿಂದ ಬಂದ 2,797 ಅಮೆರಿಕನ್ ಸೈನಿಕರ ಉತ್ತರ ನೋಡಿದ್ರು. 40% ಮಂದಿ, ತಾವು ಕೊಂದೀವಿ ಅಥವಾ ಸಾವಿಗೆ ಕಾರಣ ಆಗೀವಿ ಅಂದಿದ್ರು. ಎಷ್ಟು ಕಾದಾಟ ಕಂಡಾರ ಅನ್ನೋ ಲೆಕ್ಕ ಬ್ಯಾರೆ ತೆಗೆದು ನೋಡಿದ್ರೂ, ಕೊಂದವರೊಳಗ ಪಿಟಿಎಸ್‌ಡಿ ಲಕ್ಷಣ, ಕುಡಿತ, ಸಿಟ್ಟು ಹೆಚ್ಚಿದ್ವು. ಅಂದ್ರ ಹೆದರಿಕಿ ಒಂದು ಗಾಯ, ಕೊಂದದ್ದು ಇನ್ನೊಂದು ಗಾಯ.

(ಹಂಗೇ, 'ಎರಡನೇ ಮಹಾಯುದ್ಧದಾಗ ನಾಲ್ಕರಲ್ಲಿ ಒಬ್ಬ ಮಾತ್ರ ಗುಂಡು ಹಾರಿಸಿದ' ಅನ್ನೋ ರೀಲ್ ಕಳಸಬ್ಯಾಡ್ರಿ. ಅದು ಎಸ್.ಎಲ್.ಎ. ಮಾರ್ಷಲ್ 1947ರಾಗ ಬರೆದದ್ದು, ಆ ಲೆಕ್ಕಕ್ಕ ಆಧಾರ ಇಲ್ಲ ಅಂತ ಆಮ್ಯಾಲೆ ಇತಿಹಾಸಕಾರರು ತೋರಿಸ್ಯಾರ.)

ಇದೆಲ್ಲ ಯಾಕ ಓದಿದೆ ಅಂದ್ರ, ನಮ್ಮ ಓಣ್ಯಾಗ ಒಬ್ಬ ಮಿಲ್ಟ್ರಿ ಕಾಕಾ ಅದಾರ. ಪಿಯುಸಿ ಇದ್ದಾಗ, ಗಣಪತಿ ಕೂಡಿಸಿದ ರಾತ್ರಿ, ಎಲ್ಲರ ಮುಂದ ಒಬ್ಬ ಹುಡುಗ ಅವರಿಗೆ ಕೇಳಿದ: 'ಕಾಕಾ, ನೀವು ಎಷ್ಟು ಮಂದಿನ್ನ ಹೊಡದೀರಿ?' ಹುಡುಗರೆಲ್ಲ ನಕ್ಕರು. ಕಾಕಾ ಕೈಯಾಗಿನ ಪ್ರಸಾದ ಕೆಳಗಿಟ್ಟು ಎದ್ದು ಹೋದ್ರು. ಮುಂದ ಎರಡು ವರ್ಷ ಗಣಪತಿ ಪೆಂಡಾಲಿಗೆ ಬರಲಿಲ್ಲ. ಕೇಳಿದ ಹುಡುಗ ನಾನೇ.

ನನ್ನ ಕ್ಲಾಸಿನ ಮೂವರು ಈಗ ಅಗ್ನಿವೀರ್‌ಗೆ ಅಂತ ನಸುಕಿನ್ಯಾಗ ಎದ್ದು ಓಡ್ತಾರ. ಎದಿ ಅಳತಿ, 1600 ಮೀಟರ್ ಟೈಮಿಂಗ್ ಎಲ್ಲಾ ಮಾತಾಡ್ತೀವಿ, ಇದೊಂದು ಮಾತಾಡಂಗಿಲ್ಲ. ನಿಮ್ಮ ಮನ್ಯಾಗ ಸೈನ್ಯದಿಂದ ಬಂದವರಿಗೆ ನಿದ್ದಿ ಬರವಲ್ದು, ಸುಮ್ಮಸುಮ್ಮನ ಸಿಟ್ಟು ಬರ್ತದ ಅಂದ್ರ ಟೆಲಿ-ಮಾನಸ್ 14416ಕ್ಕ ಫೋನ್ ಹಚ್ಚಬಹುದು, ಕನ್ನಡದಾಗೂ ಮಾತಾಡ್ತಾರ. ಸೈನಿಕರು ಮತ್ತು ಅವರ ಮನಿಯವರಿಗಂತ 2023ರ ಡಿಸೆಂಬರ್‌ದಾಗ ಪುಣೆಯೊಳಗ ಅದರದೇ ಒಂದು ವಿಭಾಗ ಶುರುವಾಗೈತಿ.

ಕೊನೇ ಫೋಟೋ ಕಾಕಾನ ತೊಗರಿ ಹೊಲ. ಅವರ ಫೋಟೋ ಹಾಕಂಗಿಲ್ಲ. ಹೋದ ವಾರ ಹೋಗಿ, ಅವತ್ತು ತಪ್ಪಾತ್ರಿ ಕಾಕಾ ಅಂದೆ. ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ, ಈ ಸಲ ಹುಳ ಬಾಳ ಬಿದ್ದಾವ ನೋಡೋ ತಮ್ಮಾ ಅಂದ್ರು. ಇಬ್ಬರೂ ಕೂಡಿ ಒಂದು ಸಾಲಿನ ತುದೀತನ ಗಿಡ ನೋಡ್ಕೋತ ಹೋದ್ವಿ.