ಭೂಮಿಯ ಒಡಲಲ್ಲಿ ಅತ್ತಿತ್ತ ತೂಗುವ ಗೋಳ

2023ರ ಜನವರಿಯಲ್ಲಿ ‘ಭೂಮಿಯ ಒಳಗೋಳ ನಿಂತೇಹೋಯಿತು’ ಎಂಬ ಸುದ್ದಿ ಜಗತ್ತಿನೆಲ್ಲೆಡೆ ಹರಿದಾಡಿತು. ನಿಂತದ್ದು ಏನೂ ಇಲ್ಲ. ಸುಮಾರು 5,150 ಕಿಲೋಮೀಟರ್ ಆಳದಲ್ಲಿ ಶುರುವಾಗುವ, 1,220 ಕಿಲೋಮೀಟರ್ ತ್ರಿಜ್ಯದ ಆ ಗಟ್ಟಿ ಕಬ್ಬಿಣದ ಗೋಳ ಆಗಲೂ ಈಗಲೂ ದಿನಕ್ಕೊಂದು ಸುತ್ತು ಹಾಕುತ್ತಲೇ ಇದೆ. ಅದು ಮೇಲಿನ ಮ್ಯಾಂಟಲ್‌ಗಿಂತ ವರ್ಷಕ್ಕೆ ಎಷ್ಟು ಮುಂದೆ ಸರಿಯುತ್ತದೆ, ಎಷ್ಟು ಹಿಂದೆ ಬೀಳುತ್ತದೆ ಎಂಬುದಷ್ಟೇ ಚರ್ಚೆ. ಆ ವ್ಯತ್ಯಾಸವನ್ನು ಮೊದಲು ಅಳೆದ ಬಳಿಕ ಒಂದು ದಶಕದೊಳಗೇ ಅದರ ಅಂದಾಜು ಗಣನೀಯವಾಗಿ ಕುಗ್ಗಿತು. ಈ ಕುಗ್ಗುವಿಕೆ ಬರೀ ಲೆಕ್ಕದ ತಿದ್ದುಪಡಿಯಲ್ಲ. ಒಳಗೋಳ ತನ್ನ ಪಾಡಿಗೆ ಸುತ್ತುವ ಸ್ವತಂತ್ರ ವಸ್ತುವಲ್ಲ, ಗುರುತ್ವದ ಹಿಡಿತದಲ್ಲಿ ಅತ್ತಿತ್ತ ತೂಗುವ ವಸ್ತು ಎಂಬ ತಿಳಿವಳಿಕೆಯತ್ತ ಅದು ನಮ್ಮನ್ನು ಒಯ್ದಿದೆ.

ಒಳಗೋಳ ಇದೆಯೆಂದು ಡೆನ್ಮಾರ್ಕಿನ ಇಂಗೆ ಲೇಮನ್ ತೋರಿಸಿದ್ದು 1936ರಲ್ಲಿ. ಅದರ ಚಲನೆಗೆ ಮೊದಲ ಸಾಕ್ಷ್ಯ ಸಿಗಲು ಅರವತ್ತು ವರ್ಷ ಬೇಕಾಯಿತು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಭೂಕಂಪದ ಅಲೆಗಳು ಒಳಗೋಳವನ್ನು ಹಾಯ್ದು ಅಲಾಸ್ಕಾ ತಲುಪುತ್ತವೆ. ಮೂರು ದಶಕಗಳ ದಾಖಲೆ ಹೋಲಿಸಿದ ಶಿಯಾವೊಡಾಂಗ್ ಸಾಂಗ್ ಮತ್ತು ಪಾಲ್ ರಿಚರ್ಡ್ಸ್, ಈ ಪಯಣದ ಅವಧಿ ಸುಮಾರು 0.3 ಸೆಕೆಂಡ್ ಬದಲಾಗಿದೆಯೆಂದು 1996ರಲ್ಲಿ ಪ್ರಕಟಿಸಿದರು. ಅದರಿಂದ ಒಳಗೋಳ ವರ್ಷಕ್ಕೆ 1.1 ಡಿಗ್ರಿ ಮುಂದೆ ಓಡುತ್ತಿದೆಯೆಂದು ಲೆಕ್ಕ ಹಾಕಿದರು. ಅದೇ ವರ್ಷ ಮತ್ತೊಂದು ತಂಡ 3 ಡಿಗ್ರಿ ಎಂದಿತು. ರಷ್ಯಾದ ನೊವಾಯಾ ಝೆಮ್ಲಿಯಾದಲ್ಲಿ ನಡೆದ ಎರಡು ಅಣುಸ್ಫೋಟಗಳ ಅಲೆಗಳನ್ನು ಅಮೆರಿಕದ ಮೊಂಟಾನಾದ ಕಂಪನಮಾಪಕ ಜಾಲ ಹಿಡಿದಿತ್ತು. ಜಾನ್ ವಿಡಾಲಿ ತಂಡ 2000ದಲ್ಲಿ ಆ ದಾಖಲೆ ಜಾಲಾಡಿದಾಗ ಉಳಿದದ್ದು 0.15 ಡಿಗ್ರಿ. (ಅಣುಸ್ಫೋಟ ಪತ್ತೆಗೆಂದೇ 1960ರ ದಶಕದಲ್ಲಿ ನಮ್ಮ ಗೌರಿಬಿದನೂರಿನಲ್ಲೂ ಇಂಥ ಜಾಲ ಹುಟ್ಟಿತು. ಭೂಗರ್ಭ ವಿಜ್ಞಾನಕ್ಕೆ ಶೀತಲ ಸಮರದ ಋಣ ಸಣ್ಣದಲ್ಲ.)

ಭೂಕಂಪ ಆದ ಜಾಗವನ್ನೇ ಕರಾರುವಾಕ್ಕಾಗಿ ಹೇಳಲಾಗದಾಗ 0.3 ಸೆಕೆಂಡನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜವಾಗಿಯೇ ಬಂತು. 2005ರಲ್ಲಿ ಜೋಡಿ ಭೂಕಂಪಗಳು ಅದಕ್ಕೆ ಉತ್ತರ ಕೊಟ್ಟವು. ಒಂದೇ ಜಾಗದಲ್ಲಿ 1993ರಲ್ಲೊಮ್ಮೆ, 2003ರಲ್ಲೊಮ್ಮೆ ಆದ ಕಂಪನಗಳ ಗೀರುಗಳನ್ನು ಒಂದರ ಮೇಲೊಂದು ಇಟ್ಟರೆ ಉಳಿದದ್ದೆಲ್ಲ ಕೂಡುತ್ತದೆ, ಒಳಗೋಳ ಹಾಯ್ದ ಭಾಗ ಮಾತ್ರ ಕೂಡುವುದಿಲ್ಲ. ಗೋಳ ತಿರುಗದೆ, ಅದರ ಮೇಲ್ಮೈ ಮಾತ್ರ ಬದಲಾಗಿದ್ದರೆ? ಈ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. 1991ರಿಂದ 2023ರವರೆಗಿನ 121 ಮರುಕಳಿಸಿದ ಭೂಕಂಪಗಳನ್ನು ನೋಡಿದ 2024ರ ಅಧ್ಯಯನದಲ್ಲಿ, ಬದಲಾದ ಅಲೆರೂಪ ಕೆಲವು ವರ್ಷಗಳ ನಂತರ ಹಳೆಯ ರೂಪಕ್ಕೇ ಮರಳಿತ್ತು. ಸವೆದ ಮೇಲ್ಮೈ ಹಾಗೆ ತನ್ನಷ್ಟಕ್ಕೆ ಮೊದಲಿನಂತಾಗದು. ತಿರುಗಿದ ಗೋಳ ಮರಳಿ ಬಂದಿದ್ದರೆ ಮಾತ್ರ ಇದು ಸಾಧ್ಯ. 2003ರಿಂದ 2008ರವರೆಗೆ ಅದು ಮುಂದೆ ಸರಿದು, ಆಮೇಲೆ ಎರಡು ಮೂರು ಪಟ್ಟು ನಿಧಾನವಾಗಿ ಬಂದ ದಾರಿಯಲ್ಲೇ ಹಿಂದಿರುಗಿದೆ. ಮೇಲ್ಮೈಯೂ ಬದಲಾಗುತ್ತಿದೆ ಎಂದು 2025ರಲ್ಲಿ ಅದೇ ಗುಂಪು ಒಪ್ಪಿತು. ಅಂದರೆ ಆಕ್ಷೇಪ ಅರ್ಧ ಗೆದ್ದಿದೆ.

ಮರಳಿ ಬರಲು ಕಾರಣ ಗುರುತ್ವ. ಮ್ಯಾಂಟಲ್‌ನ ದ್ರವ್ಯ ಎಲ್ಲೆಡೆ ಸಮನಾಗಿಲ್ಲ, ಒಳಗೋಳದ ಆಕಾರವೂ ಅದಕ್ಕೆ ತಕ್ಕಂತೆ ತುಸು ಉಬ್ಬಿದೆ. ಒಳಗೋಳದ ಸುತ್ತಲಿನ ದ್ರವಲೋಹದ ಕಾಂತಬಲ ಅದನ್ನು ತಳ್ಳಿದಾಗ, ಮ್ಯಾಂಟಲ್‌ನ ಸೆಳೆತ ಅದನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಬ್ರೂಸ್ ಬಫೆಟ್ 1996ರಲ್ಲೇ ವಾದಿಸಿದ್ದರು. ಎಳೆತಕ್ಕೆ ಪ್ರತಿಯಾಗಿ ಮ್ಯಾಂಟಲ್‌ನ ವೇಗವೂ ಬದಲಾಗಬೇಕು, ಹಗಲಿರುಳಿನ ಅಳತೆ ಕೊಂಚ ಹಿಗ್ಗಿ ಕುಗ್ಗಬೇಕು. ದಿನದ ಉದ್ದದಲ್ಲಿ ಸುಮಾರು 6 ವರ್ಷಗಳ ಏರಿಳಿತ ಕಾಣುವುದು ನಿಜ. 2022ರಲ್ಲಿ ವಿಡಾಲಿ ಜೊತೆಗಾರರು ತೂಗಾಟವನ್ನು ಅದಕ್ಕೇ ಹೊಂದಿಸಿದರು. ಸಾಂಗ್ ಬಳಗ 2023ರಲ್ಲಿ ಹೇಳಿದ್ದು ಸುಮಾರು 70 ವರ್ಷ. ತೂಗಾಟ ಇದೆ, ಅವಧಿ ಇನ್ನೂ ಗಟ್ಟಿಯಾಗಿಲ್ಲ. ದಿನದ ಉದ್ದದ ಎಲ್ಲ ಬದಲಾವಣೆಯನ್ನೂ ಒಳಗೋಳದ ತಲೆಗೆ ಕಟ್ಟುವುದಂತೂ ತಪ್ಪು. ತಿರುಗುವಿಕೆಯ ಜಡತ್ವದಲ್ಲಿ ಅದು ಮ್ಯಾಂಟಲ್‌ನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಅದರ ವೇಗ ವರ್ಷಕ್ಕೆ 0.1 ಡಿಗ್ರಿ ಬದಲಾದರೆ ದಿನದ ಉದ್ದ ಬದಲಾಗುವುದು ಮಿಲಿಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಷ್ಟು. ದಶಕಗಳಲ್ಲಿ ಕಾಣುವ ಕೆಲವು ಮಿಲಿಸೆಕೆಂಡ್‌ಗಳ ಬದಲಾವಣೆಗೆ ಮುಖ್ಯ ಕಾರಣ ಹೊರಗಿನ ದ್ರವಗೋಳವೇ.

ಗುರುತ್ವದ ಅಳತೆಯಲ್ಲಿ ಒಳಗೋಳದ ತೂಗಾಟದ ನೇರ ಗುರುತು ಹಿಡಿಯುವುದು ಇನ್ನೂ ಕಷ್ಟ. ಉಬ್ಬಿದ ಗೋಳ ತಿರುಗಿದರೆ ಮೇಲಿನ ಗುರುತ್ವ ಕ್ಷೇತ್ರವೂ ಬದಲಾಗಬೇಕು. ಆದರೆ 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹಗಳ ಅಳತೆಯಲ್ಲಿ ಮಂಜುಗಡ್ಡೆ, ಮಳೆನೀರು, ಅಂತರ್ಜಲಗಳ ಸದ್ದೇ ಜೋರು. ತಿರುಗುವುದಷ್ಟೇ ಅಲ್ಲ, ಒಳಗೋಳ ಇಡಿಯಾಗಿ ಮೇಲೆ ಕೆಳಗೆ ಓಲಾಡಲೂಬಹುದೆಂದು, 1960ರ ಚಿಲಿ ಭೂಕಂಪದ ದಾಖಲೆ ನೋಡಿ, ಲೂಯಿ ಸ್ಲಿಕ್ಟರ್ 1961ರಲ್ಲಿ ಹೇಳಿದ್ದರು. ಆ ಓಲಾಟವನ್ನು ಎಲ್ಲರೂ ಒಪ್ಪುವಂತೆ ಇಂದಿಗೂ ಯಾವ ಗುರುತ್ವಮಾಪಕವೂ ದಾಖಲಿಸಿಲ್ಲ.